ಲಾಸ್ ವೇಗಸ್‌ನ ಟ್ರಾಪಿಕಾನಾ ಕ್ಯಾಸಿನೊ ಹೋಟೆಲು ಮುಚ್ಚುವ ಮುಂಚೆ ಹೋಗಿ ಬಂದವರು ಯಾರಾದರೂ ಇದ್ದೀರಾ? ಜೂಜಾಡದವರಿಗೆ ಅಲ್ಲಿ ಏನಿತ್ತು?

ಹೋಗಿದ್ದೆ. 2024ರ ಮಾರ್ಚ್ ಕೊನೆಯಲ್ಲಿ, ಬಾಗಿಲು ಹಾಕುವುದಕ್ಕೆ ಕೆಲವೇ ದಿನ ಉಳಿದಿದ್ದಾಗ. ಜೂಜಾಡದವರಿಗೆ ಅಲ್ಲಿ ನೋಡುವಂಥದ್ದು ಏನಿತ್ತು ಅಂತ ಕೇಳಿದ್ದೀರಿ. ಒಂದು ಜೂಜಿನ ಅಡ್ಡೆ ಮುಚ್ಚಿದ್ದಕ್ಕೆ ಜನ ಕಣ್ಣೀರು ಹಾಕುವುದು ಏಕೆ ಅಂತಲೂ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಸುಲಭ: ಒಳಗೆ ಹೋಗಿ ತಲೆ ಎತ್ತಿ ನೋಡಬೇಕಿತ್ತು. ಎರಡನೆಯದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ. ಯಾಕೆಂದರೆ ನಾನು ನೋಡಿದ ಹಾಗೆ ಅಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವರಲ್ಲಿ ಜೂಜುಕೋರರು ಕಡಿಮೆ, ಕೆಲಸದವರು ಹೆಚ್ಚು.

ನಾನಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಊರಿನಿಂದ ಯಾರೇ ಬಂದರೂ ಗ್ರ್ಯಾಂಡ್ ಕ್ಯಾನಿಯನ್ ತೋರಿಸಲು ಹೊರಟು ದಾರಿಯಲ್ಲಿ ವೇಗಸ್‌ನಲ್ಲಿ ಒಂದು ರಾತ್ರಿ ತಂಗುವುದು ಇಲ್ಲಿನ ನಮ್ಮ ಜನರಲ್ಲಿ ವಾಡಿಕೆ. ಆ ಸಲ ಜೊತೆಗಿದ್ದವರು ನನ್ನ ಸೋದರಮಾವ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚುವ ಹೊತ್ತಿಗೆ ವಿಆರ್‌ಎಸ್ ತೆಗೆದುಕೊಂಡು ಬಂದವರು. ಪಕ್ಕದಲ್ಲೇ ಥಳಥಳಿಸುವ ದೊಡ್ಡ ಹೋಟೆಲುಗಳಿರುವಾಗ ಇಲ್ಲಿಗೆ ಕರೆದುಕೊಂಡು ಬಂದದ್ದು ಅವರಿಗೆ ಅರ್ಥವಾಗಲಿಲ್ಲ. "ಏನಪ್ಪಾ, ಮುಚ್ಚೋ ಅಂಗಡಿಗೆ ಕರ್ಕೊಂಡು ಬಂದಿದೀಯಲ್ಲ" ಅಂದರು.

ಅವರ ಮಾತು ಸುಳ್ಳಲ್ಲ. ಹೊರಗಿನಿಂದ ಟ್ರಾಪಿಕಾನಾ ಚಂದವಾಗೇನೂ ಇರಲಿಲ್ಲ. ಸ್ಟ್ರಿಪ್ ಅಂತ ಕರೆಯುವ ಮುಖ್ಯ ರಸ್ತೆಯ ದಕ್ಷಿಣ ತುದಿಯ ದೊಡ್ಡ ನಾಲ್ಕು ರಸ್ತೆ. ಎಂಜಿಎಂ ಗ್ರ್ಯಾಂಡ್, ನ್ಯೂಯಾರ್ಕ್-ನ್ಯೂಯಾರ್ಕ್, ಎಕ್ಸ್‌ಕ್ಯಾಲಿಬರ್ ಹೋಟೆಲುಗಳು ಮೂರು ಮೂಲೆಗಳಲ್ಲಿ, ನಾಲ್ಕನೆಯದರಲ್ಲಿ ಇದು. ಆ ಅಡ್ಡರಸ್ತೆಗೇ ಟ್ರಾಪಿಕಾನಾ ಅವೆನ್ಯೂ ಅಂತ ಹೆಸರು. 2010ರ ಸುಮಾರಿಗೆ ಆಗಿನ ಮಾಲೀಕರು ಮಯಾಮಿಯ ಸಮುದ್ರತೀರದ ಹಾಗೆ ಕಾಣಲಿ ಅಂತ ಇಡೀ ಹೋಟೆಲಿಗೆ ಬಿಳಿ ಬಣ್ಣ ಬಳಿಸಿದ್ದರು. ನಾವು ಹೋಗುವ ಹೊತ್ತಿಗೆ ಆ ಬಿಳುಪೂ ಮಾಸಿತ್ತು.

ಆದರೆ ಇದರ ಹುಟ್ಟು ಬೇರೆ ಥರ. 1957ರ ಏಪ್ರಿಲ್ 4ರಂದು ಬಾಗಿಲು ತೆರೆದಾಗ 300 ರೂಮು, ಎದುರಿಗೆ ಟ್ಯೂಲಿಪ್ ಹೂವಿನ ಆಕಾರದ 60 ಅಡಿ ಎತ್ತರದ ಕಾರಂಜಿ, ಒಟ್ಟು ಖರ್ಚು ಒಂದೂವರೆ ಕೋಟಿ ಡಾಲರ್. ಅಲ್ಲಿಯವರೆಗೆ ವೇಗಸ್‌ನಲ್ಲಿ ಅಷ್ಟು ದುಡ್ಡು ಸುರಿದು ಯಾರೂ ಹೋಟೆಲು ಕಟ್ಟಿರಲಿಲ್ಲ. ಆಭರಣದಂಗಡಿಯ ಹೆಸರಿನಲ್ಲಿ ಅದನ್ನು 'ಸ್ಟ್ರಿಪ್‌ನ ಟಿಫನಿ' ಅಂತ ಕರೆಯುತ್ತಿದ್ದರು. ಆ ದುಡ್ಡಿನ ಹಿಂದೆ ಯಾರಿದ್ದರು ಅನ್ನುವುದು ಹೊರಬರಲು ಒಂದು ತಿಂಗಳೂ ಹಿಡಿಯಲಿಲ್ಲ. ಮೇ 2ರಂದು ನ್ಯೂಯಾರ್ಕ್‌ನಲ್ಲಿ ಮಾಫಿಯಾ ದೊರೆ ಫ್ರ್ಯಾಂಕ್ ಕಾಸ್ಟೆಲೋ ಮೇಲೆ ಗುಂಡು ಹಾರಿತು. ಗುಂಡು ತಲೆ ಸವರಿಕೊಂಡು ಹೋಯಿತು, ಮನುಷ್ಯ ಬದುಕಿದ. ಪೊಲೀಸರಿಗೆ ಅವನ ಜೇಬಿನಲ್ಲಿ ಸಿಕ್ಕ ಚೀಟಿಯಲ್ಲಿ 6,51,284 ಡಾಲರ್ ಅಂತ ಒಂದು ಲೆಕ್ಕ ಬರೆದಿತ್ತು. ಅದು ಟ್ರಾಪಿಕಾನಾದ ಮೊದಲ ವಾರಗಳ ಗಳಿಕೆಗೆ ತಾಳೆಯಾಯಿತು! ಮುಂದೆ 1970ರ ದಶಕದಲ್ಲಿ ಕಾನ್ಸಾಸ್ ಸಿಟಿಯ ಗ್ಯಾಂಗು ಇದೇ ಕ್ಯಾಸಿನೊದಲ್ಲಿ ಲೆಕ್ಕಕ್ಕೆ ಬರುವ ಮುಂಚೆಯೇ ನಗದು ಎತ್ತಿ ಸಾಗಿಸುತ್ತಿತ್ತು. ಅಲ್ಲಿನ ನೃತ್ಯ ಪ್ರದರ್ಶನದ ಉಸ್ತುವಾರಿ ಅಂತ ಕಾಗದದ ಮೇಲಿದ್ದ ಜೋ ಅಗೋಸ್ಟೊ ಆ ಕೆಲಸದ ಸೂತ್ರಧಾರ. ಎಫ್‌ಬಿಐ ಫೋನು ಕದ್ದು ಕೇಳಿ ಅವರನ್ನು ಹಿಡಿಯಿತು.

ಇದನ್ನೆಲ್ಲ ರಂಜನೆಗೆ ಹೇಳುತ್ತಿಲ್ಲ. ಹಳೆಯ ವೇಗಸ್ ಬಗ್ಗೆ ಮಾತು ಬಂದರೆ ಗ್ಯಾಂಗ್‌ಸ್ಟರುಗಳ ಕಥೆಯನ್ನು ಚಪ್ಪರಿಸಿಕೊಂಡು ಹೇಳುವವರು ಬಹಳ. ನನಗೆ ಅದರಲ್ಲಿ ಸೊಗಸೇನೂ ಕಾಣುವುದಿಲ್ಲ. ಕಳ್ಳತನ ಕಳ್ಳತನವೇ. ಆ ಹೋಟೆಲು ತೆರೆದ ಕಾಲಕ್ಕೆ ಸ್ಟ್ರಿಪ್‌ನಲ್ಲಿ ಕಪ್ಪು ಜನರನ್ನು ಗಿರಾಕಿಗಳಾಗಿ ಒಳಗೆ ಬಿಡುತ್ತಿರಲಿಲ್ಲ. ವೇದಿಕೆಯ ಮೇಲೆ ಹಾಡಿ ಕುಣಿದವರೇ ಮಲಗಲು ಊರಿನ ಪಶ್ಚಿಮ ಭಾಗಕ್ಕೆ ಹೋಗಬೇಕಿತ್ತು. 1960ರ ಮಾರ್ಚ್‌ನಲ್ಲಿ, ಪ್ರತಿಭಟನೆಯ ಎಚ್ಚರಿಕೆ ಕೊಟ್ಟ ಮೇಲೆ, ಆ ನಿಷೇಧ ಮುರಿಯಿತು. ಅದಾಗಿ ಹನ್ನೆರಡು ವರ್ಷಕ್ಕೆ, 1972ರಲ್ಲಿ, ಗಾಯಕ ಸ್ಯಾಮಿ ಡೇವಿಸ್ ಜೂನಿಯರ್ ಇದೇ ಟ್ರಾಪಿಕಾನಾದಲ್ಲಿ ಶೇ. 8ರ ಪಾಲು ಕೊಂಡರು. ಈ ಕಟ್ಟಡದ ಇತಿಹಾಸದಲ್ಲಿ ನೆನಪಿಟ್ಟುಕೊಳ್ಳಬೇಕಾದದ್ದು ಕಾಸ್ಟೆಲೋ ಚೀಟಿಗಿಂತ ಇದು ಅಂತ ನನ್ನ ಅಭಿಪ್ರಾಯ.

ಇನ್ನು ಒಳಗಿನದು. ಕ್ಯಾಸಿನೊ ಒಳಗೆ ಕಾಲಿಟ್ಟರೆ ಟೇಬಲುಗಳ ಸಾಲಿನ ಮೇಲೆ ಬಾಗಿ ನಿಂತ ಬಣ್ಣದ ಗಾಜಿನ ಚಾವಣಿ. 1979ರಲ್ಲಿ ಹತ್ತು ಲಕ್ಷ ಡಾಲರ್ ಖರ್ಚು ಮಾಡಿ ಕೂರಿಸಿದ್ದು, ಸುಮಾರು 4,000 ಚದರ ಅಡಿ. ಹಸಿರು ಮತ್ತು ಜೇನಿನ ಬಣ್ಣದ ಗಾಜಿನ ತುಂಡುಗಳನ್ನು ಲೋಹದ ಪಟ್ಟಿಗಳಲ್ಲಿ ಬಿಗಿದು ಬಳ್ಳಿ-ಹೂವಿನ ಹಾಗೆ ಮಾಡಿದ್ದರು. ಹಿಂದಿನಿಂದ ದೀಪ. ಅದರ ಕೆಳಗೆ ನಿಂತರೆ ಹಸಿರು ಟೇಬಲಿನ ಬಟ್ಟೆಯ ಮೇಲೂ, ಎಲೆ ಹಂಚುವವರ ಬಿಳಿ ಅಂಗಿಯ ಮೇಲೂ ಒಂದು ಹಳದಿ ಛಾಯೆ ಬೀಳುತ್ತಿತ್ತು. ಕ್ಯಾಸಿನೊಗಳಲ್ಲಿ ಸಾಮಾನ್ಯವಾಗಿ ಚಾವಣಿ ಅಂದರೆ ಕ್ಯಾಮೆರಾ ಕೂರಿಸುವ ಜಾಗ, ಯಾರೂ ಮೇಲೆ ನೋಡುವುದಿಲ್ಲ. ಇಲ್ಲಿ ಆ ವಾರ ಬಂದವರೆಲ್ಲ ಕತ್ತು ಎತ್ತಿಕೊಂಡೇ ಇದ್ದರು, ಫೋನು ಮೇಲಕ್ಕೆ ಹಿಡಿದುಕೊಂಡು. ಮಾವನೂ ಬಹಳ ಹೊತ್ತು ನೋಡಿದರು. ಆಮೇಲೆ ಅವರ ಕಣ್ಣು ಕೆಳಗಿಳಿದು ಕೈಗಳ ಮೇಲೆ ನಿಂತಿತು.

ಬ್ಲ್ಯಾಕ್‌ಜ್ಯಾಕ್ ಅನ್ನುವ ಇಸ್ಪೀಟಾಟದ ಟೇಬಲಿನಲ್ಲಿ ಎಲೆ ಹಂಚುವ ಡೀಲರ್ ತನ್ನ ಪಾಳಿ ಮುಗಿದಾಗ ಎರಡೂ ಕೈ ಒಮ್ಮೆ ಮೆಲ್ಲಗೆ ತಟ್ಟಿ, ಅಂಗೈ ತಿರುಗಿಸಿ ಮೇಲೆ-ಕೆಳಗೆ ತೋರಿಸಿ, ಹಿಂದೆ ಸರಿಯುತ್ತಾರೆ. ಬೆರಳ ಸಂದಿಯಲ್ಲಿ ಚಿಪ್ (ಹಣದ ಬದಲು ಆಡುವ ಬಿಲ್ಲೆ) ಅಡಗಿಲ್ಲ ಅಂತ ಮೇಲಿನ ಕ್ಯಾಮೆರಾಕ್ಕೆ ತೋರಿಸುವ ಕ್ರಮ ಅದು. ಬಹುತೇಕ ಕ್ಯಾಸಿನೊಗಳಲ್ಲೂ ಇರುವಂಥದ್ದೇ. ತಲೆ ನರೆತ ಒಬ್ಬ ಡೀಲರ್ ಅಂದು ಹಾಗೆ ಕೈ ತೋರಿಸಿ ಸರಿದಾಗ ಪಕ್ಕದ ಟೇಬಲುಗಳ ಡೀಲರುಗಳು ಆಟ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಅವರ ಕೊನೆಯ ಪಾಳಿಯಂತೆ. ಆಡುತ್ತಿದ್ದವರೂ ಎದ್ದು ನಿಂತರು. ಆ ಮನುಷ್ಯ ಯಾರ ಮುಖವನ್ನೂ ನೋಡದೆ ಟೈ ಸರಿಮಾಡಿಕೊಂಡು ಹೋದರು. ನನ್ನ ಮಾವ ಯಾರ ಪರಿಚಯವೂ ಇಲ್ಲದ ಆ ಊರಿನಲ್ಲಿ ಚಪ್ಪಾಳೆ ತಟ್ಟುತ್ತಾ ನಿಂತೇ ಇದ್ದರು.

ಆಮೇಲೆ ಕಾಫಿ ಕುಡಿಯಲು ಕೂತೆವು. ತಂದುಕೊಟ್ಟ ಹೆಂಗಸಿಗೆ ಐವತ್ತರ ಮೇಲೆ ವಯಸ್ಸು. ಮಾವ ಕೇಳಿದ ಮೊದಲ ಪ್ರಶ್ನೆಯೇ "ಸೀನಿಯಾರಿಟಿ ಏನಾಗುತ್ತೆ?" ಅಂತ. ನನಗೆ ಹೊಳೆಯದ ಪ್ರಶ್ನೆ. ಆಕೆಯ ಮುಖ ಅರಳಿತು, ಯಾರೋ ಸರಿಯಾದದ್ದನ್ನು ಕೇಳಿದರು ಅನ್ನುವ ಹಾಗೆ. ವೇಗಸ್‌ನಲ್ಲಿ ರೂಮು ಸ್ವಚ್ಛ ಮಾಡುವವರು, ಅಡುಗೆಯವರು, ಬಡಿಸುವವರು ಬಹುಮಟ್ಟಿಗೆ ಕಲಿನರಿ ಯೂನಿಯನ್‌ನವರು. ಸುಮಾರು 60,000 ಸದಸ್ಯರ ಬಲಿಷ್ಠ ಸಂಘ. ಯಾರಿಗೆ ಯಾವ ಶಿಫ್ಟು, ಯಾವ ವಾರದ ರಜೆ ಅನ್ನುವುದೆಲ್ಲ ನಿಲ್ಲುವುದು ಸೀನಿಯಾರಿಟಿ ಮೇಲೆ. ಅದು ಒಂದು ಹೋಟೆಲಿನೊಳಗಿನ ಲೆಕ್ಕ. ಬೇರೆ ಹೋಟೆಲಿಗೆ ಸೇರಿದರೆ ಹೊಸಬರ ಸಾಲಿನ ಕೊನೆಯಲ್ಲಿ ನಿಲ್ಲಬೇಕು, ರಾತ್ರಿ ಪಾಳಿಯಿಂದ ಶುರು. "ಶನಿವಾರ-ಭಾನುವಾರ ರಜೆ ಸಿಗೋಕೆ ನನಗೆ ಇಪ್ಪತ್ತು ವರ್ಷ ಹಿಡಿಯಿತು" ಅಂದರು ಆಕೆ. ಸಂಬಳದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಾವ ತಮ್ಮ ಕಾರ್ಖಾನೆಯ ಕಥೆ ಹೇಳಿದರು, ನಾನು ಇಂಗ್ಲಿಷಿಗೆ ತಂದೆ. ಅರ್ಧಕ್ಕೇ ನನ್ನ ಅಗತ್ಯ ಇಲ್ಲದಾಯಿತು.

ನೀವು ಕೇಳಿದ ಕಣ್ಣೀರು ಇದು. ಜೂಜಿನ ಬಗ್ಗೆ ನನಗೆ ಮೆಚ್ಚುಗೆ ಇಲ್ಲ. ಎಷ್ಟೋ ಮನೆಗಳನ್ನು ತೊಳೆದು ಹಾಕಿದ ಚಟ ಅದು, ಇಲ್ಲಿನ ನಮ್ಮವರಲ್ಲೂ ಸಾಲ ಮಾಡಿಕೊಂಡವರನ್ನು ಬಲ್ಲೆ. ಆದರೆ ಆ ಚಾವಣಿಯ ಕೆಳಗೆ ನಡೆದದ್ದರಲ್ಲಿ ಬಹುಪಾಲು ಜೂಜಲ್ಲ, ದುಡಿಮೆ. ಹಾಸಿಗೆ ಮಡಚಿದವರು, ತಟ್ಟೆ ಎತ್ತಿದವರು, ಫೋಲೀ ಬೆರ್ಜೇರ್ ಅನ್ನುವ ಪ್ಯಾರಿಸ್ ಮಾದರಿಯ ನೃತ್ಯ ಪ್ರದರ್ಶನಕ್ಕೆ ಗರಿಯ ಕಿರೀಟ ಹೊಲಿದವರು. ಅದು 1959ರ ಡಿಸೆಂಬರ್‌ನಲ್ಲಿ ಶುರುವಾಗಿ 2009ರ ಮಾರ್ಚ್‌ವರೆಗೆ, ಹತ್ತಿರಹತ್ತಿರ ಐವತ್ತು ವರ್ಷ, ಇದೇ ಹೋಟೆಲಿನಲ್ಲಿ ನಡೆಯಿತು. ಹುಲಿಗಳ ಜೊತೆ ಜಾದೂ ಮಾಡಿ ಹೆಸರಾದ ಸೀಗ್‌ಫ್ರೀಡ್ ಮತ್ತು ರಾಯ್ ವೇಗಸ್‌ನಲ್ಲಿ ಮೊದಲು ಕಾಣಿಸಿಕೊಂಡದ್ದೂ ಅದರಲ್ಲೇ.

ಏಪ್ರಿಲ್ 2ರ ಮಧ್ಯಾಹ್ನ ಹೋಟೆಲು ಮುಚ್ಚಿತು. 67 ವರ್ಷ ತುಂಬಲು ಎರಡೇ ದಿನ ಬಾಕಿ. ಓಕ್ಲೆಂಡ್‌ನಿಂದ ಎತ್ತಂಗಡಿಯಾದ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡಕ್ಕೆ ಆ ಜಾಗದಲ್ಲಿ 33,000 ಆಸನದ ಕ್ರೀಡಾಂಗಣ ಬರಬೇಕು; ಅದಕ್ಕೆ ನೆವಾಡಾ ಶಾಸನಸಭೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣಕ್ಕೆ 2023ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಶಾಲೆಗಳಿಗೆ ಹಣ ಸಾಲದ ರಾಜ್ಯದಲ್ಲಿ ಇದು ಸರಿಯೇ ಅಂತ ಅಲ್ಲಿನ ಶಿಕ್ಷಕರ ಸಂಘವೇ ಜಗಳ ತೆಗೆಯಿತು. ನಾನೂ ಅವರ ಪಕ್ಷ.

ಅಕ್ಟೋಬರ್ 9ರ ಬೆಳಗಿನ ಜಾವ ಎರಡೂವರೆಗೆ ಎರಡು ಗೋಪುರಗಳನ್ನೂ ಸಿಡಿಮದ್ದಿಟ್ಟು ಕೆಡವಿದರು. ಅದಕ್ಕೂ ಮುಂಚೆ ಬಾಣಬಿರುಸು, ಆಕಾಶದಲ್ಲಿ 550 ಡ್ರೋನ್‌ಗಳ ಚಿತ್ತಾರ. ವೇಗಸ್‌ಗೆ ಇದು ರೂಢಿ: 1993ರಲ್ಲಿ ಡ್ಯೂನ್ಸ್, 1996ರ ಡಿಸೆಂಬರ್ 31ರ ರಾತ್ರಿ ಹಸಿಯೆಂಡಾ, 2007ರಲ್ಲಿ ಸ್ಟಾರ್‌ಡಸ್ಟ್, ಎಲ್ಲವನ್ನೂ ಹೀಗೆ ಹಬ್ಬ ಮಾಡಿಯೇ ಉರುಳಿಸಿದ್ದು. ನಾನು ವಿಡಿಯೋದಲ್ಲಿ ನೋಡಿದೆ, ಮನಸ್ಸಿಗೆ ಹಿಡಿಸಲಿಲ್ಲ. ನಮ್ಮಲ್ಲೂ ಬಾಳಿ ಬದುಕಿದ ಹಿರಿಯರು ಹೋದರೆ ತಮಟೆ ಬಾರಿಸಿ ಪಟಾಕಿ ಹೊಡೆದು ಕಳಿಸುತ್ತಾರೆ, ನಿಜ. ಆದರೆ ಅಲ್ಲಿ ಚಟ್ಟಕ್ಕೆ ಹೆಗಲು ಕೊಡುವವರು ಮನೆಯವರೇ ಆಗಿರುತ್ತಾರೆ. ಇಲ್ಲಿ ಸಂಭ್ರಮ ಮಾಲೀಕರದು, ಮನೆಯವರು ಅಷ್ಟರೊಳಗೆ ಬೇರೆ ಬೇರೆ ಹೋಟೆಲುಗಳ ರಾತ್ರಿ ಪಾಳಿಯಲ್ಲಿದ್ದರು.

ಅದೇ ವರ್ಷ ಜುಲೈ 17ಕ್ಕೆ ಮಿರಾಜ್ ಅನ್ನುವ ಕ್ಯಾಸಿನೊ ಹೋಟೆಲು ಕೂಡ ಮುಚ್ಚಿತು. ಅಲ್ಲಿ ಗದ್ದಲ ಬೇರೆ ಬಗೆಯದು. ಸ್ಲಾಟ್ ಮಷಿನ್‌ಗಳಲ್ಲಿ ಆಟಗಾರರ ಹಣದಿಂದ ಬೆಳೆಯುತ್ತಾ ಬಂದ ಜಾಕ್‌ಪಾಟ್ ಮೊತ್ತವನ್ನು ಮುಚ್ಚುವ ಮುಂಚೆ ಹಂಚಿಯೇ ಹೋಗಬೇಕು ಅಂತ ನೆವಾಡಾದ ನಿಯಮ; ಹಾಗಾಗಿ ಸುಮಾರು 16 ಲಕ್ಷ ಡಾಲರ್ ಹಂಚುತ್ತಾರೆ ಅಂತ ಗೊತ್ತಾಗಿ ಜನ ಸಾಲುಗಟ್ಟಿದರು. ಸುದ್ದಿಯಲ್ಲಿ ಅದೇ ದೊಡ್ಡದಾಯಿತು. ಸುಮಾರು 3,000 ಕೆಲಸಗಾರರ ಮಾತು ಸಣ್ಣ ಸಾಲಿನಲ್ಲಿ ಬಂತು.

ನೀವು ಇನ್ನು ಮುಂದೆ ಹೋಗುವವರಾದರೆ: ಫೋಲೀ ಬೆರ್ಜೇರ್ ವೇಷಭೂಷಣಗಳು ಲಾಸ್ ವೇಗಸ್‌ನ ನೆವಾಡಾ ಸ್ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿವೆ. ಸ್ಟಾರ್‌ಡಸ್ಟ್ ಮುಂತಾದ ಕೆಡವಿದ ಹೋಟೆಲುಗಳ ದೀಪದ ಫಲಕಗಳನ್ನು ನಿಯಾನ್ ಮ್ಯೂಸಿಯಂನಲ್ಲಿ ಹತ್ತಿರದಿಂದ ನೋಡಬಹುದು, ಸಂಜೆ ಹೋದರೆ ಒಳ್ಳೆಯದು. ಸ್ಟ್ರಿಪ್‌ನಲ್ಲಿ 1946ರ ಫ್ಲೆಮಿಂಗೊ ಹೆಸರಷ್ಟೇ ಹಳೆಯದು, ಮೊದಲಿನ ಕಟ್ಟಡದ ಒಂದು ಗೋಡೆಯೂ ಉಳಿದಿಲ್ಲ. ಹಳೆಯದನ್ನೇ ನೋಡಬೇಕಾದರೆ ಡೌನ್‌ಟೌನ್‌ನ ಎಲ್ ಕಾರ್ಟೆಜ್‌ಗೆ ಹೋಗಿ. 1941ರದು, ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿದೆ, ಇವತ್ತಿಗೂ ನಡೆಯುತ್ತಿದೆ. ಆಡುವುದು ಬೇಡ, ಊಟ ಮಾಡಿ, ಬಡಿಸುವವರಿಗೆ ಟಿಪ್ಸ್ ಕೈಯಲ್ಲೇ ಕೊಡಿ. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಅಂತ ಕೇಳಿದರೆ ಸಾಕು, ಅವರೇ ಹೇಳುತ್ತಾರೆ.