ಒಂಬತ್ತೇ ದಿನಕ್ಕೆ ನಿಂತ ವಾಕಿಂಗ್

ಪ್ರಶ್ನೆ: ನನಗೆ 44 ವರ್ಷ, ಗೃಹಿಣಿ. ಯುಗಾದಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗ, ರಕ್ತದಲ್ಲಿನ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂತು. ‘ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ. ಸದ್ಯಕ್ಕೆ ಮಾತ್ರೆ ಬೇಡ, ಊಟ-ಓಡಾಟ ಸರಿ ಮಾಡಿಕೊಳ್ಳಿ’ ಎಂದರು ಡಾಕ್ಟರು. ಹಬ್ಬದ ಮಾರನೇ ದಿನವೇ ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ, ಬೆಳಗ್ಗೆ 5ಕ್ಕೆ ಎದ್ದು ಒಂದು ಗಂಟೆ ವಾಕಿಂಗ್ ಶುರು ಮಾಡಿದೆ. ಒಂಬತ್ತು ದಿನ ನಡೆಯಿತು. ಮಂಡಿ ನೋವು ಬಂತು, ಅಷ್ಟರಲ್ಲಿ ತವರಲ್ಲಿ ಮದುವೆ, ಹೋಳಿಗೆ ತಿಂದೆ. ಆಮೇಲೆ ಎಲ್ಲ ಮೊದಲಿನಂತೆಯೇ: ದಿನಕ್ಕೆ ಐದು ಚಹಾ, ಎರಡೆರಡು ಚಮಚ ಸಕ್ಕರೆ. ಹೀಗಾಗಿದ್ದು ಇದು ಮೂರನೇ ಸಲ. ನನ್ನ ಮನಸ್ಸೇ ಗಟ್ಟಿಯಿಲ್ಲವೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮನಸ್ಸು ಗಟ್ಟಿಯಿಲ್ಲದವರು ಮೂರು ಸಲ ಶುರು ಮಾಡುವುದಿಲ್ಲ. ಅನ್ನ, ಸಕ್ಕರೆ, ನಿದ್ದೆ, ನಡಿಗೆ, ನಾಲ್ಕನ್ನೂ ಒಂದೇ ಬೆಳಗ್ಗೆ ಬದಲಿಸಲು ಹೊರಟಿರಿ. ವರ್ಷಗಟ್ಟಲೆ ಓಡಾಟ ಕಡಿಮೆಯಿದ್ದ ಮಂಡಿಗೆ ಏಕಾಏಕಿ ದಿನಾ ಒಂದು ಗಂಟೆ ನಡಿಗೆ ಹೆಚ್ಚಾಯಿತು, ಅಷ್ಟೇ.

ಈ ಸಲ ಅಡುಗೆಮನೆಯಿಂದ ಶುರು ಮಾಡಿ, ಅದೂ ಚಹಾದಿಂದ ಮಾತ್ರ. ಹತ್ತು ಚಮಚ ಅಂದರೆ ಹತ್ತಿರ ಹತ್ತಿರ 40 ಗ್ರಾಂ ಸಕ್ಕರೆ. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಮನೆಗಳಲ್ಲಿ ಎಲ್ಲರ ಚಹಾಕ್ಕೂ ಸೇರಿಸಿ ಪಾತ್ರೆಗೇ ಸಕ್ಕರೆ ಸುರಿದು ಕುದಿಸುತ್ತೇವಲ್ಲ, ಹಾಗಾಗಿ ಒಬ್ಬರಿಗೆ ಮಾತ್ರ ಕಡಿಮೆ ಮಾಡಲು ಆಗುವುದೇ ಇಲ್ಲ. ಸಕ್ಕರೆ ಹಾಕುವ ಮೊದಲೇ ನಿಮ್ಮ ಲೋಟಕ್ಕೆ ಸೋಸಿಕೊಳ್ಳಿ. ಆಮೇಲೆ ಎರಡರ ಬದಲು ಒಂದೂವರೆ ಚಮಚ ಹಾಕಿಕೊಳ್ಳಿ. ಎರಡು ಮೂರು ವಾರ ಅಷ್ಟರಲ್ಲೇ ಇರಿ. ನಾಲಿಗೆ ಒಗ್ಗಿತು ಅನಿಸಿದಾಗ ಒಂದು ಚಮಚಕ್ಕೆ ಇಳಿಸಿ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಪರವಾಗಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ.

ಚಹಾ ಒಂದು ಹದಕ್ಕೆ ಬಂದ ಮೇಲೆ ನಡಿಗೆ. ಬೆಳಗಿನ 5 ಗಂಟೆ ಬೇಡ. ರಾತ್ರಿ ಊಟದ ತಟ್ಟೆ ತೊಳೆಯಲು ಹಾಕಿದ ತಕ್ಷಣ ಹತ್ತು ನಿಮಿಷ, ಬೀದಿಯಲ್ಲೋ ತಾರಸಿಯ ಮೇಲೋ, ಸಮತಟ್ಟಾದ ಕಡೆ ನಡೆಯಿರಿ. ಊಟವಾದ ಮೇಲೆ ನಡೆದಾಗ ಸ್ನಾಯುಗಳು ರಕ್ತದಲ್ಲಿನ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ, ಆದ್ದರಿಂದ ಆ ಹತ್ತು ನಿಮಿಷಕ್ಕೂ ಬೆಲೆಯಿದೆ. ತಟ್ಟೆ ತೊಳೆಯಲು ಹಾಕುವುದು ಹೇಗೂ ದಿನಾ ಇದ್ದದ್ದೇ, ಅದೇ ನಡಿಗೆಯನ್ನೂ ನೆನಪಿಸುತ್ತದೆ. ಮಂಡಿ ಸುಮ್ಮನಿದ್ದರೆ ಮಾತ್ರ ಹದಿನೈದಕ್ಕೆ, ಇಪ್ಪತ್ತಕ್ಕೆ ಏರಿಸಿ. ನೋವು ಮರುಕಳಿಸಿದರೆ, ಎದೆ ಹಿಡಿದಂತೆ ಆದರೆ, ತಲೆ ಸುತ್ತಿದರೆ ನಿಮ್ಮ ಡಾಕ್ಟರಿಗೆ ತೋರಿಸಿ. ಅನ್ನ ಬಿಡಲೇಬೇಕಿಲ್ಲ. ಒಂದು ಸೌಟು ಕಡಿಮೆ ಮಾಡಿ, ಆ ಜಾಗಕ್ಕೆ ಪಲ್ಯ, ಕೋಸಂಬರಿ ಬರಲಿ.

ಇನ್ನು ಮದುವೆಯ ಹೋಳಿಗೆ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಅದೇ. ತವರಿನ ಮದುವೆಯಲ್ಲಿ ಒಂದು ಹೋಳಿಗೆ ತಿಂದು, ನೀವು ನಿಮ್ಮನ್ನೇ ಅಪರಾಧಿ ಮಾಡಿಕೊಂಡಿದ್ದೀರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಬ್ಬೊಬ್ಬರೂ ಒಂದೊಂದು ಸಣ್ಣ ಅಭ್ಯಾಸ ಆರಿಸಿಕೊಂಡಿದ್ದರು. ಅದು ತಾನಾಗಿ ನಡೆಯುವಂತಾಗಲು ಬೇಕಾದ ಕಾಲ ಕೆಲವರಿಗೆ 18 ದಿನ, ಕೆಲವರಿಗೆ 254 ದಿನದವರೆಗೂ ಎಂದು ಅಂದಾಜಾಯಿತು. ನಡುವಿನ ಲೆಕ್ಕ 66. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಒಂಬತ್ತು ದಿನಕ್ಕೆ ನೀವು ತೀರ್ಪು ಕೊಟ್ಟುಬಿಟ್ಟಿರಿ! ಮುಂದಿನ ಮದುವೆಯಲ್ಲೂ ಹೋಳಿಗೆ ತಿನ್ನಿ. ಮಾರನೇ ಬೆಳಗ್ಗೆ ಚಹಾಕ್ಕೆ ಮತ್ತೆ ಒಂದೂವರೆ ಚಮಚ.

ಇಷ್ಟರಿಂದ ಏನಾದೀತು ಎಂಬ ಅನುಮಾನ ಬರುವುದು ಸಹಜ. ನಿಮ್ಮಂತೆ ಅಂಚಿನಲ್ಲಿದ್ದವರನ್ನೇ ಸೇರಿಸಿಕೊಂಡು ಚೆನ್ನೈನ ವೈದ್ಯರು ನಡೆಸಿದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ತಿದ್ದಿಕೊಂಡವರಿಗೆ ಮೂರು ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಬರುವ ಅಪಾಯ ಸುಮಾರು ಶೇ 28ರಷ್ಟು ತಗ್ಗಿತ್ತು. ಅವರಿಗೆ ದಿನಕ್ಕೆ ಕನಿಷ್ಠ ಅರ್ಧ ಗಂಟೆ ನಡೆಯಲು ಹೇಳಿದ್ದರು. ನಿಮ್ಮ ಹತ್ತು ನಿಮಿಷ ಅಲ್ಲಿಗೆ ಹೋಗುವ ದಾರಿ.

ವಾರವಾರ ಪರೀಕ್ಷೆ ಮಾಡಿಸಬೇಡಿ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಮೂರು ತಿಂಗಳು ಬಿಟ್ಟು ಮಾಡಿಸಿದರೆ ಸಾಕು. ವರದಿ ಬಂದ ಮೇಲೆ ನನಗೂ ಒಂದು ಪತ್ರ ಹಾಕಿ. ಆ ಸಂಖ್ಯೆಯ ಜೊತೆಗೆ, ಚಹಾ ಎಷ್ಟು ಚಮಚಕ್ಕೆ ಇಳಿದಿದೆ ಅನ್ನುವುದನ್ನೂ ಬರೆಯಿರಿ.