ಕಾಂಡೋಮ್ ಇಲ್ಲದೆ ಒಬ್ಬ ಹುಡುಗಿಯ ಜೊತೆ ಸೇರಿ ಐದು ದಿನ ಆಯ್ತು ಅಂತ ಬರೆದಿದ್ದೀರಿ. ಯಾವ ಒಂದು ಟೆಸ್ಟ್ ಮಾಡಿಸಿದರೆ ಪೂರ್ತಿ ನಿಶ್ಚಿಂತೆಯಾಗಿ ಇರಬಹುದು ಅಂತ ಕೇಳಿದ್ದೀರಿ.

ನಾನು ಆರನೇ ದಿನ ಟೆಸ್ಟಿಗೆ ಹೋಗಿದ್ದೆ. ನಿಮಗೂ ನನಗೂ ಅಷ್ಟೇ ವ್ಯತ್ಯಾಸ.

ಆಗ ನನ್ನ ತಲೆಯಲ್ಲಿ ಇದ್ದದ್ದು ಎಚ್‌ಐವಿ ಒಂದೇ. ಉಳಿದ ಗುಪ್ತರೋಗಗಳೆಲ್ಲ ಹಳೇ ಕಾಲದವು ಅಂದುಕೊಂಡಿದ್ದೆ. ಐದು ರಾತ್ರಿ ನಿದ್ದೆಗೆಟ್ಟು ಕೊನೆಗೆ ಲ್ಯಾಬಿಗೆ ಹೋದೆ. ಬೆರಳು ಚುಚ್ಚಿ ರಕ್ತ ತೆಗೆದರು. ಸ್ವಲ್ಪ ಹೊತ್ತಿಗೆ ನೆಗೆಟಿವ್ ಅಂತ ಕಾಗದ ಕೈಗೆ ಬಂತು. ಸೇರಿದ್ದು ಯಾವತ್ತು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಕಾಗದ ನಂಬಿದ್ದೇ ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೆರಳು ಚುಚ್ಚಿ ಮಾಡುವ ಟೆಸ್ಟ್‌ಗಳಲ್ಲಿ ಹೆಚ್ಚಿನವು ವೈರಸ್ಸನ್ನೇ ಹುಡುಕುವುದಿಲ್ಲ. ಅದರ ವಿರುದ್ಧ ನಮ್ಮ ಮೈ ತಯಾರಿಸುವ ಆಂಟಿಬಾಡಿಯನ್ನು ಹುಡುಕುತ್ತವೆ. ಅದು ತಯಾರಾಗಲು ವಾರಗಳು ಬೇಕು. ಹಾಗಾಗಿ ಅಂಥ ಟೆಸ್ಟನ್ನು ನಂಬಬೇಕಾದರೆ 90 ದಿನ ಕಳೆದಿರಬೇಕು. ತೋಳಿನ ನರದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ, ವೈರಸ್ಸಿನ ಆಂಟಿಜೆನ್ನನ್ನೂ, ಅಂದರೆ ವೈರಸ್ಸಿನದೇ ಒಂದು ಭಾಗವನ್ನೂ ನೋಡುವ ಟೆಸ್ಟ್ ಆದರೆ 45 ದಿನ. ಆರನೇ ದಿನಕ್ಕೆ ನೆಗೆಟಿವ್ ಬಂದರೆ, ಆ ರಾತ್ರಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಬಿತ್ತಿದ ಮರುದಿನವೇ ಹೊಲ ನೋಡಿ, ಮೊಳಕೆ ಕಾಣ್ತಿಲ್ಲ, ಅಂದಮೇಲೆ ಬೀಜವೇ ಬಿದ್ದಿಲ್ಲ ಅಂದ ಹಾಗಾಯ್ತು. ಸಾಲದ್ದಕ್ಕೆ ಅದು ನೋಡಿದ್ದು ಒಂದೇ ಕಾಯಿಲೆಯನ್ನು. ನಾನು ಎಲ್ಲದಕ್ಕೂ ಸರ್ಟಿಫಿಕೇಟ್ ಸಿಕ್ಕಿತು ಅಂತ ಅದನ್ನು ಜೋಪಾನವಾಗಿ ಎತ್ತಿಟ್ಟೆ.

ನಾಲ್ಕನೇ ವಾರ ಮುಂದೊಗಲಿನ ಕೆಳಗೆ ಒಂದು ಹುಣ್ಣು ಕಾಣಿಸಿತು. ಒಂದೇ ಒಂದು. ನೋವಿಲ್ಲ, ಕೀವಿಲ್ಲ, ಅಂಚು ಮಾತ್ರ ಗಟ್ಟಿ. ಕಾಗದ ಇಲ್ಲದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಓಡುತ್ತಿದ್ದೆ. ಕಾಗದ ಇತ್ತಲ್ಲ, ಎಲ್ಲೋ ಉಜ್ಜಿ ಗಾಯವಾಗಿರಬೇಕು ಅಂತ ಸುಮ್ಮನಾದೆ. ಅದು ಸಿಫಿಲಿಸ್ ಅನ್ನುವ ಗುಪ್ತರೋಗ. ಅದರ ಮೊದಲ ಹುಣ್ಣು 3ರಿಂದ 6 ವಾರದಲ್ಲಿ ತಾನಾಗಿಯೇ ಮಾಯುತ್ತದೆ. ರೋಗ ಮಾತ್ರ ಒಳಗೇ ಉಳಿಯುತ್ತದೆ. ಮದ್ದಿಲ್ಲದೆ ವಾಸಿಯಾಯ್ತು ಅಂತ ಖುಷಿಪಟ್ಟ ದಡ್ಡ ನಾನು.

ಹುಣ್ಣು ಒಣಗುತ್ತಾ ಬಂದಿದ್ದ ಹೊತ್ತಿಗೇ ಒಬ್ಬಳು ಹತ್ತಿರವಾದಳು. ಕಾಂಡೋಮ್ ಇದೆಯಾ ಅಂತ ಕೇಳಿದಳು. ನಾನು ದೊಡ್ಡ ಮನುಷ್ಯನ ಹಾಗೆ ಆ ಕಾಗದ ತೆಗೆದು ತೋರಿಸಿದೆ.

ಮೂರೂವರೆ ತಿಂಗಳಿಗೆ ಅಂಗೈ, ಅಂಗಾಲಿನಲ್ಲೆಲ್ಲ ಕಂದುಗೆಂಪು ಮಚ್ಚೆ. ತುರಿಕೆ ಇಲ್ಲ. ಚರ್ಮದ ಡಾಕ್ಟರು ಅಂಗೈ ಒಂದು ಸಲ ನೋಡಿ, "ಕೆಳಗೆ ಯಾವಾಗಾದರೂ ಹುಣ್ಣಾಗಿತ್ತಾ?" ಅಂತ ಕೇಳಿದರು. ರಕ್ತ ಪರೀಕ್ಷೆಯಾಯಿತು. ಅವಳಿಗೂ ಮಾಡಿಸಿದೆವು, ಅವಳಿಗೂ ಬಂದಿತ್ತು. ಹುಣ್ಣು ಒಳಗಾದರೆ ಹೆಂಗಸರಿಗೆ ಕಾಣುವುದೇ ಇಲ್ಲ.

ಮದ್ದೇನು ದೊಡ್ಡದಲ್ಲ. ಬೆಂಜಥಿನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಕುಂಡಿಗೆ, ಒಂದೇ ಸಲ. ಆ ರಾತ್ರಿ ಚಳಿಜ್ವರ ಬಂತು, ಮರುದಿನ ಬಿಟ್ಟಿತು, ಈ ಇಂಜೆಕ್ಷನ್‌ಗೆ ಅದು ಮಾಮೂಲಿ ಅಂತೆ. ಆಮೇಲೆ 6 ತಿಂಗಳಿಗೆ, 12 ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ. ಅವಳಿಗೆ ಸಿಟ್ಟು ಬಂದದ್ದು ಕಾಯಿಲೆಯ ಮೇಲಲ್ಲ. "ನೀನು ಆ ಕಾಗದ ತೋರಿಸದಿದ್ದರೆ ನಾನು ಒಪ್ಪುತ್ತಲೇ ಇರಲಿಲ್ಲ" ಅಂದಳು. ಈಗ ನನ್ನ ಜೊತೆ ಇಲ್ಲ.

ಇನ್ನು ನಿಮ್ಮ ವಿಷಯ. ನೀವು ಕೇಳುವ ಆ ಒಂದು ಟೆಸ್ಟ್ ಇಲ್ಲವೇ ಇಲ್ಲ. ಯಾರಾದರೂ ಇದೆ ಅಂದರೆ ನಂಬಬೇಡಿ. "ಒಳ್ಳೆ ಹುಡುಗಿ, ನೋಡಿದರೆ ಆರೋಗ್ಯವಾಗಿದ್ದಾಳೆ" ಅಂತಲೂ ಬರೆದಿದ್ದೀರಿ. ನೋಡಲು ನಾನೂ ಆರೋಗ್ಯವಾಗಿಯೇ ಇದ್ದೆ ಸ್ವಾಮಿ.

ಲ್ಯಾಬಿಗಲ್ಲ, ಮೊದಲು ಡಾಕ್ಟರ ಹತ್ತಿರ ಹೋಗಿ. ತಾರೀಖು ಹೇಳಿ, ಬಾಯಿಂದಲೂ ಆಗಿದ್ದರೆ ಅದನ್ನೂ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತಗೋಬೇಕು, ನಿಮಗೆ ಆ ಹೊತ್ತು ಮೀರಿದೆ. ಹೆಪಟೈಟಿಸ್ ಬಿ ಅನ್ನುವ ಲಿವರ್ ಕಾಯಿಲೆಯೂ ಹೀಗೇ ಅಂಟುತ್ತದೆ, ಅದರ ಲಸಿಕೆ ಆಗಿಲ್ಲದಿದ್ದರೆ ಈಗಲೇ ಕೇಳಿ, ಇದರಲ್ಲಿ ತಡ ಮಾಡಬೇಡಿ. ಗೊನೊರಿಯಾ, ಕ್ಲಮೈಡಿಯಾ ಅನ್ನುವ ಗುಪ್ತರೋಗಗಳಿಗೆ ಎರಡು ವಾರ ಕಳೆದ ಮೇಲೆ ಮೂತ್ರ ಕೊಡಿ. ಎಚ್‌ಐವಿ, ಸಿಫಿಲಿಸ್‌ಗೆ ಆರೇಳು ವಾರ ಕಳೆದಾಗ ಒಮ್ಮೆ, ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ರಕ್ತ ಕೊಡಿ. ನಡುವೆ ಹುಣ್ಣೋ ಉರಿಯೋ ಕಂಡರೆ ಆ ಲೆಕ್ಕ ಬಿಟ್ಟು ಅವತ್ತೇ ಹೋಗಿ. ಅಲ್ಲಿಯವರೆಗೆ ಯಾರ ಜೊತೆಗೂ ಕಾಂಡೋಮ್ ಇಲ್ಲದೆ ಬೇಡ. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಬೇಡ, ಬಿಸಿಗೆ, ತಿಕ್ಕಾಟಕ್ಕೆ ಅದು ಹಾಳಾಗಿರುತ್ತದೆ. ಎಣ್ಣೆ ಹಚ್ಚಿದರೂ ಕಾಂಡೋಮಿನ ಲೇಟೆಕ್ಸ್ ರಬ್ಬರ್ ಹರಿದುಹೋಗುತ್ತದೆ.

ಆ ಹುಡುಗಿಗೆ ಗೊತ್ತಾಗಬಾರದು ಅಂದಿದ್ದೀರಿ, ಇದನ್ನಂತೂ ನಾನು ಒಪ್ಪಲ್ಲ. ನಿಮಗೆ ಏನಾದರೂ ಪಾಸಿಟಿವ್ ಬಂದರೆ ಅವಳಿಗೆ ಹೇಳಲೇಬೇಕು. ಕಷ್ಟ ಅಂತ ಗೊತ್ತು. ನನಗೆ ಅಂಟಿಸಿದವಳಿಗೆ ಫೋನ್ ಮಾಡಲು ನಾನು ಹನ್ನೊಂದು ದಿನ ತಗೊಂಡೆ. ಬೈಗುಳ ಕೇಳಲು ತಯಾರಾಗಿದ್ದೆ. ಅವಳಿಗೆ ತನಗೆ ಕಾಯಿಲೆ ಇದೆ ಅಂತಲೇ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವ ಟೆಸ್ಟ್ ಮಾಡಿಸಬೇಕು ಅಂತ ಹೆಸರು ಬರೆದುಕೊಂಡಳು.