ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಕಳೆಯುವ ಹೊತ್ತು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮೂತ್ರಪಿಂಡದ ಕಾಯಿಲೆಯ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಔಷಧ, ಪಥ್ಯ ಮತ್ತು ಕಸಿಯ ಪ್ರಶ್ನೆಗಳೇ ಹೆಚ್ಚು. ಈ ಬಾರಿ ಬಂದ ಪತ್ರಗಳು ಬೇರೆ ಬಗೆಯವು. ಡಯಾಲಿಸಿಸ್, ಎಂದರೆ ಕೆಟ್ಟ ಮೂತ್ರಪಿಂಡದ ಬದಲು ಯಂತ್ರದಿಂದ ರಕ್ತವನ್ನು ಶುದ್ಧಗೊಳಿಸುವ ಚಿಕಿತ್ಸೆ, ನಡೆಯುವಾಗ ಯಂತ್ರದ ಪಕ್ಕದಲ್ಲಿ ಮಲಗಿರುವ ಹೊತ್ತಿನ ಕಷ್ಟವನ್ನೇ ಹೇಳಿಕೊಂಡಿವೆ. ತಪಾಸಣೆಗೆ ಬಂದಾಗ ರೋಗಿಗಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ವೈದ್ಯರಾದ ನಾವೂ ವಿಚಾರಿಸುವುದು ಕಡಿಮೆ. ಹೀಗಾಗಿ ಇಡೀ ಅಂಕಣವನ್ನು ಈ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೆ ಹಿಮೋಡಯಾಲಿಸಿಸ್ ಆರಂಭವಾಗಿ ಕೆಲವೇ ವಾರಗಳಾಗಿವೆ. ಸೂಜಿಯ ನೋವನ್ನು ಹೇಗೋ ತಡೆದುಕೊಳ್ಳುತ್ತೇನೆ, ಆದರೆ ಯಂತ್ರ ಕೂಗಿಕೊಂಡಾಗಲೆಲ್ಲ ಜೀವವೇ ಹೋದಂತಾಗುತ್ತದೆ. ನರ್ಸ್ ಬಂದು ಗುಂಡಿ ಒತ್ತಿ ಹೋಗುತ್ತಾರೆ, ಏನಾಯಿತೆಂದು ಹೇಳುವುದಿಲ್ಲ. ನನ್ನ ರಕ್ತವೆಲ್ಲ ಹೊರಗಿರುವಾಗ ಯಂತ್ರ ಕೆಟ್ಟು ನಿಂತರೆ ನನ್ನ ಗತಿಯೇನು?

ಉತ್ತರ: ನಿಮ್ಮ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಭಯದ ಬೇರು ಇರುವುದು ಅಲ್ಲಿ. ನಿಮ್ಮ ರಕ್ತವೆಲ್ಲ ಎಂದೂ ಹೊರಗಿರುವುದಿಲ್ಲ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಕೊಳವೆಗಳು ಮತ್ತು ಡಯಲೈಸರ್ (ರಕ್ತವನ್ನು ಶೋಧಿಸುವ ಭಾಗ) ಎರಡರಲ್ಲೂ ಸೇರಿ ಯಾವುದೇ ಕ್ಷಣದಲ್ಲಿ ಹೊರಗಿರುವುದು ಹೆಚ್ಚುಕಡಿಮೆ 200 ಮಿಲಿಲೀಟರ್ ಮಾತ್ರ. ಯಂತ್ರದ ಮುಂಭಾಗದಲ್ಲಿ ತಿರುಗುವ ಉರುಳೆಯನ್ನು ನೀವು ನೋಡಿರುತ್ತೀರಿ. ಅದು ರಕ್ತವನ್ನು ಮುಟ್ಟುವುದಿಲ್ಲ, ಕೊಳವೆಯನ್ನು ಹೊರಗಿನಿಂದ ಒತ್ತುತ್ತಾ ಒಳಗಿನ ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ವಿದ್ಯುತ್ ಹೋದರೆ ಸ್ವಲ್ಪ ಹೊತ್ತು ಪಂಪನ್ನು ನಡೆಸಲು ಬಹಳಷ್ಟು ಯಂತ್ರಗಳಲ್ಲಿ ಬ್ಯಾಟರಿ ಇರುತ್ತದೆ. ಅದೂ ಕೈಕೊಟ್ಟರೆ ಸಿಬ್ಬಂದಿ ಅದೇ ಉರುಳೆಯನ್ನು ಹಿಡಿಕೆಯೊಂದರಿಂದ ಕೈಯಾರೆ ತಿರುಗಿಸಿ ರಕ್ತವನ್ನು ನಿಮ್ಮ ಮೈಗೆ ಮರಳಿಸುತ್ತಾರೆ. ಈ ಹಿಡಿಕೆಯನ್ನು ಒಮ್ಮೆ ತೋರಿಸಿ ಎಂದು ಟೆಕ್ನಿಷಿಯನ್ನರನ್ನು ಕೇಳಿ. ಅದನ್ನು ಕಣ್ಣಾರೆ ನೋಡಿದ ಮೇಲೆ ಭಯ ಅರ್ಧಕ್ಕಿಳಿದವರನ್ನು ನಾನು ಕಂಡಿದ್ದೇನೆ.

ಇನ್ನು ಕೂಗಿನ ವಿಷಯ. ಹೆಚ್ಚಾಗಿ ಕೇಳಿಬರುವುದು ಒತ್ತಡದ ಅಲಾರಾಂ. ತೋಳು ಮಡಚಿದರೆ, ಕೊಳವೆ ಮೈಯಡಿ ಸಿಕ್ಕಿಕೊಂಡರೆ, ಸೂಜಿಯ ತುದಿ ರಕ್ತನಾಳದ ಗೋಡೆಗೆ ತಾಗಿದರೆ ರಕ್ತದ ಹರಿವಿಗೆ ತಡೆಯಾಗುತ್ತದೆ, ಯಂತ್ರ ಅದನ್ನು ಗುರುತಿಸಿ ಕೂಗುತ್ತದೆ. ತೋಳನ್ನು ನೇರಮಾಡಿದರೆ ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ. ರಕ್ತ ಮರಳುವ ಕಡೆಯ ಒತ್ತಡ ಮತ್ತೆ ಮತ್ತೆ ಏರುತ್ತಿದ್ದರೆ ರಕ್ತ ಹೆಪ್ಪುಗಟ್ಟತೊಡಗಿರಬಹುದು ಅಥವಾ ಫಿಸ್ಟುಲಾದ (ಸೂಜಿ ಚುಚ್ಚಲೆಂದು ತೋಳಿನಲ್ಲಿ ಅಪಧಮನಿಗೂ ಅಭಿಧಮನಿಗೂ ಮಾಡಿದ ಜೋಡಣೆಯ) ಮುಂದಿನ ನಾಳ ಕಿರಿದಾಗಿರಬಹುದು. ಇದನ್ನು ಸಿಬ್ಬಂದಿ ಹಗುರವಾಗಿ ಬಿಡಬಾರದು, ವೈದ್ಯರ ಗಮನಕ್ಕೆ ತರಬೇಕು. ಎಲ್ಲರೂ ಅಂಜುವುದು ಗಾಳಿಗುಳ್ಳೆಗೆ. ಮರಳುವ ಕೊಳವೆಯಲ್ಲಿ ಗಾಳಿ ಕಂಡೊಡನೆ ಯಂತ್ರ ಪಂಪನ್ನು ನಿಲ್ಲಿಸುತ್ತದೆ, ಕೊಳವೆಯನ್ನು ಕ್ಲಾಂಪಿನಿಂದ ಬಿಗಿದು ಮುಚ್ಚುತ್ತದೆ. ಎಂದರೆ ಕೂಗು ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ಆ ಗಾಳಿ ನಿಮ್ಮ ಮೈ ಸೇರುವ ದಾರಿ ಮುಚ್ಚಿಹೋಗಿರುತ್ತದೆ.

ಏನಾಯಿತೆಂದು ಹೇಳದೆ ಗುಂಡಿ ಒತ್ತಿ ಹೋಗುವುದು ಸರಿಯಲ್ಲ ಎಂದು ಸಿಬ್ಬಂದಿಯ ಪರವಾಗಿ ಕೆಲಸ ಮಾಡಿದ ನಾನೇ ಹೇಳುತ್ತೇನೆ. ಪ್ರತಿ ಸಲವೂ ‘ಈಗ ಯಾವ ಅಲಾರಾಂ ಬಂತು?’ ಎಂದು ಸಂಕೋಚವಿಲ್ಲದೆ ಕೇಳಿ. ನೀವಾಗಿ ಗುಂಡಿ ಒತ್ತುವುದು ಮಾತ್ರ ಬೇಡ.

ಪ್ರಶ್ನೆ: ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಒಂದು ತೋಳನ್ನು ಅಲ್ಲಾಡಿಸುವಂತಿಲ್ಲ, ಪುಸ್ತಕ ಹಿಡಿಯಲಾಗುವುದಿಲ್ಲ, ಟಿ.ವಿ. ನೋಡಿ ನೋಡಿ ಬೇಸತ್ತಿದ್ದೇನೆ. ಕಣ್ಣು ಪದೇ ಪದೇ ಯಂತ್ರದ ಪರದೆಯಲ್ಲಿ ಉಳಿದಿರುವ ಸಮಯದ ಕಡೆಗೇ ಹೋಗುತ್ತದೆ. ಮೂರು ಗಂಟೆಗೇ ಮುಗಿಸಿಕೊಡಿ ಎಂದು ಕೇಳಿದರೆ ತಪ್ಪೇ? ಕೆಲವರು ಹಾಗೆ ಬೇಗ ಎದ್ದುಹೋಗುವುದನ್ನು ನೋಡಿದ್ದೇನೆ.

ಉತ್ತರ: ಕೇಳುವುದು ತಪ್ಪಲ್ಲ, ಆದರೆ ದಯವಿಟ್ಟು ಹಾಗೆ ಎದ್ದುಹೋಗಬೇಡಿ. ಆರೋಗ್ಯವಂತ ಮೂತ್ರಪಿಂಡ ವಾರದ 168 ಗಂಟೆಯೂ ದುಡಿಯುತ್ತದೆ. ನಿಮ್ಮ ಯಂತ್ರಕ್ಕೆ ಸಿಗುವುದು 12 ಗಂಟೆ. ನಿಮಿಷಕ್ಕೆ 300 ಮಿಲಿಲೀಟರ್ ರಕ್ತ ಹರಿದರೆ ನಾಲ್ಕು ಗಂಟೆಯಲ್ಲಿ ಯಂತ್ರದ ಮೂಲಕ 72 ಲೀಟರ್ ಹಾದುಹೋಗುತ್ತದೆ, ಎಂದರೆ ನಿಮ್ಮ ಮೈಯ ರಕ್ತವೆಲ್ಲ ಹದಿನಾಲ್ಕು ಸಲ ಶೋಧನೆಗೊಂಡಂತೆ. ಪಂಪಿನ ವೇಗ ಹೆಚ್ಚಿಸಿ ಬೇಗ ಮುಗಿಸಬಾರದೇಕೆ ಎಂದು ನೀವು ಕೇಳಬಹುದು. ಯೂರಿಯಾ ಎಂಬ ತ್ಯಾಜ್ಯ ರಕ್ತದಿಂದ ಬೇಗ ಹೊರಬೀಳುತ್ತದೆ, ನಿಜ. ಆದರೆ ರಂಜಕದಂಥವು ಜೀವಕೋಶಗಳಿಂದಲೂ ಮೂಳೆಯಿಂದಲೂ ರಕ್ತಕ್ಕೆ ನಿಧಾನವಾಗಿ ಬರುತ್ತವೆ. ಅವು ಬರುವವರೆಗೆ ಯಂತ್ರ ಕಾಯಲೇಬೇಕು, ಅವಸರಪಡಿಸಿ ಪ್ರಯೋಜನವಿಲ್ಲ.

ನೀರು ತೆಗೆಯುವ ಲೆಕ್ಕ ಇದಕ್ಕಿಂತಲೂ ಮುಖ್ಯ. 60 ಕಿಲೋ ತೂಕದ ಒಬ್ಬರ ಮೈಯಲ್ಲಿ 3 ಲೀಟರ್ ಹೆಚ್ಚುವರಿ ನೀರು ಸೇರಿದೆಯೆಂದುಕೊಳ್ಳಿ. ನಾಲ್ಕು ಗಂಟೆಯಲ್ಲಿ ತೆಗೆದರೆ ಗಂಟೆಗೆ 750 ಮಿಲಿಲೀಟರ್, ಎಂದರೆ ಪ್ರತಿ ಕಿಲೋ ತೂಕಕ್ಕೆ 12.5 ಮಿಲಿಲೀಟರ್. ಈ ಪ್ರಮಾಣ 13ನ್ನು ಮೀರದಿರಲಿ ಎಂದು ನಾವು ನೋಡಿಕೊಳ್ಳುತ್ತೇವೆ. ಅದೇ ನೀರನ್ನು ಮೂರು ಗಂಟೆಯಲ್ಲಿ ಎಳೆದರೆ ಅದು 16 ದಾಟುತ್ತದೆ. ಅಂಗಾಂಶಗಳಲ್ಲಿರುವ ನೀರು ರಕ್ತನಾಳಕ್ಕೆ ಬಂದು ತುಂಬಿಕೊಳ್ಳುವುದಕ್ಕಿಂತ ವೇಗವಾಗಿ ಯಂತ್ರ ಎಳೆದಾಗ ಬಿ.ಪಿ. ಕುಸಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಹೃದಯಕ್ಕೂ ಪೆಟ್ಟು ಬೀಳುತ್ತದೆ. ಕೊನೆಯ ಗಂಟೆ ನಿಮಗೆ ಅಸಹನೀಯವಾಗಿದ್ದರೆ ಅದಕ್ಕೆ ಬೇಸರವೊಂದೇ ಕಾರಣವಾಗಿರಲಾರದು, ನೀರನ್ನು ಎಳೆಯುವ ವೇಗವೂ ಕಾರಣವಾಗಿರಬಹುದು. ಎರಡು ಡಯಾಲಿಸಿಸ್‌ಗಳ ನಡುವೆ ಉಪ್ಪು ಕಡಿಮೆ ಮಾಡಿದರೆ ಬಾಯಾರಿಕೆ ತಗ್ಗುತ್ತದೆ, ತೂಕ ಕಡಿಮೆ ಏರುತ್ತದೆ, ಕೊನೆಯ ಗಂಟೆ ಹಗುರವಾಗುತ್ತದೆ. ಹೊತ್ತು ಕಳೆಯುವ ಉಪಾಯಗಳಲ್ಲಿ ಇದನ್ನೇ ನಾನು ಮೊದಲು ಹೇಳುವುದು, ಏಕೆಂದರೆ ಮೈ ನರಳುತ್ತಿರುವಾಗ ಯಾವ ಮನರಂಜನೆಯೂ ರುಚಿಸುವುದಿಲ್ಲ.

ಈಗ ಬೇಸರಕ್ಕೆ ಬರೋಣ. ನಾಲ್ಕು ಗಂಟೆಯನ್ನು ಒಂದೇ ತುಂಡಾಗಿ ಎದುರಿಸುವವರಿಗೆ ಅದು ಬೆಳೆಯುತ್ತಲೇ ಹೋಗುತ್ತದೆ. ಬಹಳ ವರ್ಷಗಳಿಂದ ಡಯಾಲಿಸಿಸ್‌ನಲ್ಲಿರುವವರು ಹೊತ್ತನ್ನು ಕೆಲಸಗಳಾಗಿ ಒಡೆದುಕೊಂಡಿರುತ್ತಾರೆ. ತಲೆ ಚುರುಕಾಗಿರುವುದು, ಬಿ.ಪಿ. ನೆಟ್ಟಗಿರುವುದು ಸಾಮಾನ್ಯವಾಗಿ ಮೊದಲ ಎರಡು ಗಂಟೆ. ಗಮನ ಬೇಡುವ ಓದು, ಕಲಿಕೆ, ಲೆಕ್ಕಪತ್ರ, ಮಾತನಾಡಲೇಬೇಕಾದ ಫೋನು ಕರೆಗಳನ್ನು ಆಗ ಇಟ್ಟುಕೊಳ್ಳಿ. ಮಲಗಿದಲ್ಲೇ ತುಳಿಯುವ ಪೆಡಲು ನಿಮ್ಮ ಕೇಂದ್ರದಲ್ಲಿದ್ದರೆ, ವೈದ್ಯರ ಒಪ್ಪಿಗೆ ಪಡೆದು ಅದನ್ನೂ ಇದೇ ಅವಧಿಯಲ್ಲಿ ಮಾಡಬೇಕು. ನೀರು ಸಾಕಷ್ಟು ಹೋದ ಮೇಲೆ ಮಾಡಿದರೆ ಬಿ.ಪಿ. ಇಳಿಯುವ ಸಂಭವ ಹೆಚ್ಚು. ಮೂರನೆಯ ಗಂಟೆಯಿಂದಾಚೆ ಮನಸ್ಸು ಜಾರತೊಡಗುತ್ತದೆ, ಆಗ ಕಣ್ಣಿಗಿಂತ ಕಿವಿಗೆ ಕೆಲಸ ಕೊಡುವುದು ಮೇಲು. ಓದಿ ಹೇಳುವ ಕಾದಂಬರಿ, ಸಂಗೀತ, ಉಪನ್ಯಾಸ ಏನಾದರೂ ಆಗಬಹುದು, ಮಧ್ಯೆ ಜೊಂಪು ಹತ್ತಿದರೂ ನಷ್ಟವಿಲ್ಲ.

ಒಂದು ಯುಕ್ತಿ ಬಹಳ ಜನರಿಗೆ ಫಲ ಕೊಟ್ಟಿದೆ. ನಿಮಗೆ ತುಂಬ ಇಷ್ಟವಾದ ಒಂದು ಧಾರಾವಾಹಿಯನ್ನೋ ದೊಡ್ಡ ಕಾದಂಬರಿಯನ್ನೋ ಡಯಾಲಿಸಿಸ್ ಹಾಸಿಗೆಗಷ್ಟೇ ಮೀಸಲಿಡಿ, ಮನೆಯಲ್ಲಿ ಅದನ್ನು ಮುಟ್ಟಬೇಡಿ. ಮುಂದೇನಾಯಿತು ಎಂಬ ಕುತೂಹಲ ಚಿಕಿತ್ಸೆಯ ದಿನದ ಹೊರೆಯನ್ನು ಸ್ವಲ್ಪವಾದರೂ ಇಳಿಸುತ್ತದೆ. ಪುಸ್ತಕ ಹಿಡಿಯಲು ಊಟದ ಮೇಜಿನ ಮೇಲೆ ನಿಲ್ಲುವ ಪುಸ್ತಕದ ಸ್ಟ್ಯಾಂಡ್ ಸಾಕು. ಫೋನಿಗೆ ಹಾಸಿಗೆಯ ಸರಳಿಗೆ ಕಚ್ಚುವ ಹಿಡಿಕೆಗಳಿವೆ. ಬರೆಯುವ ಆಸೆಯಿದ್ದರೆ ಫೋನಿಗೆ ಬಾಯಲ್ಲಿ ಹೇಳಿ ಬರೆಸಬಹುದು. ಸೂಜಿ ಚುಚ್ಚುವ ಮೊದಲೇ ಶೌಚಾಲಯಕ್ಕೆ ಹೋಗಿಬನ್ನಿ, ಕನ್ನಡಕ, ಇಯರ್‌ಫೋನ್, ಚಾರ್ಜರ್ ಎಲ್ಲವನ್ನೂ ಸೂಜಿಯಿಲ್ಲದ ಕೈಗೆ ಎಟಕುವಂತೆ ಇಟ್ಟುಕೊಳ್ಳಿ. ಕೈಗೆ ಸಿಗದ ಕನ್ನಡಕವೊಂದು ಇಡೀ ಹೊತ್ತನ್ನು ಹಾಳುಮಾಡಬಲ್ಲದು. ಪರದೆಯ ಗಡಿಯಾರದ ಬಗ್ಗೆ ಒಂದು ಮಾತು: ಬಹಳಷ್ಟು ಯಂತ್ರಗಳಲ್ಲಿ ಅಲಾರಾಂ ಬಂದು ಶುದ್ಧೀಕರಣ ನಿಂತಾಗ ಆ ಗಡಿಯಾರವೂ ನಿಲ್ಲುತ್ತದೆ. ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆಯಾದರೂ ಇನ್ನೂ ಹತ್ತು ನಿಮಿಷ ಬಾಕಿಯೆಂದು ತೋರಿಸಿದರೆ ನಿಮಗೆ ಮೋಸವಾಗಿಲ್ಲ, ನಿಮ್ಮ ಪಾಲಿನ ಶುದ್ಧೀಕರಣ ಪೂರ್ತಿ ಸಿಗುತ್ತಿದೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಯಂತ್ರವನ್ನೇ ನೋಡುತ್ತಾ ಕುಳಿತಾಗ ಇದನ್ನು ಮೊದಲು ಯಾರು ಮಾಡಿದರು ಎಂಬ ಕುತೂಹಲ ಹುಟ್ಟಿದೆ.

ಉತ್ತರ: ನಿಮ್ಮ ಕುತೂಹಲ ನನಗೆ ಬಹಳ ಸಂತೋಷ ಕೊಟ್ಟಿತು. 1943ರಲ್ಲಿ, ಯುದ್ಧದ ನಡುವೆ, ಜರ್ಮನರ ವಶದಲ್ಲಿದ್ದ ನೆದರ್ಲೆಂಡ್ಸ್‌ನ ಕಾಂಪೆನ್ ಪಟ್ಟಣದ ಆಸ್ಪತ್ರೆಯಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯರು ಮರದ ಪಟ್ಟಿಗಳ ಉರುಳೆಯೊಂದಕ್ಕೆ ಸೆಲೋಫೇನ್ ಕೊಳವೆಯನ್ನು ಸುತ್ತಿ, ಅದನ್ನು ಲವಣದ್ರಾವಣದ ತೊಟ್ಟಿಯಲ್ಲಿ ತಿರುಗಿಸಿ ರೋಗಿಯ ರಕ್ತವನ್ನು ಶುದ್ಧಗೊಳಿಸಿದರು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಮಹಿಳೆಯೊಬ್ಬರು ಬದುಕಿದರು. ಆಗ ಪ್ರತಿ ಸಲವೂ ಹೊಸ ರಕ್ತನಾಳವನ್ನು ಕೊಯ್ಯಬೇಕಾಗಿದ್ದರಿಂದ ವರ್ಷಗಟ್ಟಲೆ ಡಯಾಲಿಸಿಸ್ ನಡೆಸುವುದು ಸಾಧ್ಯವಿರಲಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆಯನ್ನು ಅಳವಡಿಸಿದರು, ಅವರ ಮೊದಲ ರೋಗಿ 11 ವರ್ಷ ಬಾಳಿದರು. ನಿಮ್ಮ ತೋಳಿನಲ್ಲಿರುವ ಫಿಸ್ಟುಲಾದ ವಿಧಾನವನ್ನು ಬ್ರೆಶಿಯಾ, ಚಿಮಿನೊ ಮತ್ತು ಅವರ ಜೊತೆಗಾರರು 1966ರಲ್ಲಿ ಪ್ರಕಟಿಸಿದರು. ಇಂದು ನಿಮ್ಮ ಕಣ್ಣೆದುರಿನ ಡಯಲೈಸರ್‌ನೊಳಗೆ ಸೆಲೋಫೇನ್ ಬದಲು ಸಾವಿರಾರು ಟೊಳ್ಳು ಎಳೆಗಳಿವೆ, ಒಂದೊಂದರ ಒಳಗಿನ ವ್ಯಾಸ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು. ರಕ್ತ ಆ ಎಳೆಗಳ ಒಳಗೂ ಡಯಾಲಿಸೇಟ್ ಎಂಬ ಶುದ್ಧೀಕರಣದ ದ್ರಾವಣ ಹೊರಗೂ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಹರಿಯುತ್ತವೆ.

ಪ್ರಶ್ನೆ: ನಮ್ಮ ಪಾಳಿಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವರು ಎರಡು ವರ್ಷ ನನ್ನೊಡನೆ ಮಾತಾಡುತ್ತಾ ಹೊತ್ತು ಕಳೆದರು. ಒಂದು ದಿನ ಆ ಹಾಸಿಗೆಯಲ್ಲಿ ಬೇರೊಬ್ಬರಿದ್ದರು. ಕೇಳಿದರೆ ಯಾರೂ ಸರಿಯಾಗಿ ಹೇಳಲಿಲ್ಲ. ಅಂದಿನಿಂದ ಅಲ್ಲಿ ಯಾರೊಡನೆಯೂ ಮಾತಾಡಲು ಮನಸ್ಸಾಗುತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಓದಿ ನನ್ನ ಮನಸ್ಸು ಭಾರವಾಯಿತು. ವಾರಕ್ಕೆ ಮೂರು ದಿನ ಪಕ್ಕದಲ್ಲೇ ಇದ್ದವರು ಬಂಧುಗಳಿಗಿಂತ ಹತ್ತಿರವಾಗಿರುತ್ತಾರೆ, ಆದರೂ ಅವರು ತೀರಿಕೊಂಡಾಗ ನಿಮಗೆ ತಿಳಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ರೋಗಿಯ ಖಾಸಗಿ ವಿವರಗಳನ್ನು ಸಿಬ್ಬಂದಿ ಹೇಳುವಂತಿಲ್ಲ ಎಂಬುದು ನಿಜ. ಆದರೆ ಕುಟುಂಬದ ಒಪ್ಪಿಗೆ ಪಡೆದು ‘ಅವರು ಹೋಗಿಬಿಟ್ಟರು’ ಎಂಬಷ್ಟನ್ನು ತಿಳಿಸಲು ಯಾವ ಅಡ್ಡಿಯೂ ಇಲ್ಲ, ತಿಳಿಸುವುದು ಕರ್ತವ್ಯವೆಂದೇ ನಾನು ಭಾವಿಸುತ್ತೇನೆ. ಮುಖ್ಯ ನರ್ಸ್ ಅಥವಾ ವೈದ್ಯರನ್ನು ಬಿಡುವಾಗಿ ಕಂಡು ನೇರವಾಗಿ ಕೇಳಿ. ಮನೆಯವರ ಸಂಪರ್ಕವಿದ್ದರೆ ಅವರಿಗೆ ನಾಲ್ಕು ಸಾಲು ಬರೆಯಿರಿ. ಅವರಿಗೆ ತಿಳಿಯದ ಎರಡು ವರ್ಷಗಳ ಮಾತುಕತೆ ನಿಮ್ಮ ಬಳಿ ಇದೆ.

ಸದ್ಯಕ್ಕೆ ಯಾರೊಡನೆಯೂ ಮಾತು ಬೇಡವೆನಿಸಿದರೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸುಮ್ಮನಿರಿ, ಅದು ಯಾರಿಗೂ ಮಾಡುವ ಅವಮಾನವಲ್ಲ. ಆದರೆ ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಚಿಕಿತ್ಸೆಗೇ ಹೋಗುವುದು ಬೇಡವೆನಿಸುವುದು ವಾರಗಟ್ಟಲೆ ಮುಂದುವರಿದರೆ ಅದು ಖಿನ್ನತೆಯಾಗಿರಬಹುದು. ಡಯಾಲಿಸಿಸ್‌ನಲ್ಲಿರುವವರಲ್ಲಿ ಖಿನ್ನತೆ ಸಾಮಾನ್ಯ, ಅದಕ್ಕೆ ಚಿಕಿತ್ಸೆಯೂ ಇದೆ. ಮುಂದಿನ ತಪಾಸಣೆಯಲ್ಲಿ ವೈದ್ಯರು ಕೇಳಲಿ ಎಂದು ಕಾಯದೆ ನೀವೇ ಹೇಳಿ.

ಪ್ರಶ್ನೆ: ನಮ್ಮ ತಂದೆಯವರು ಡಯಾಲಿಸಿಸ್ ಆರಂಭವಾದೊಡನೆ ತಲೆಯವರೆಗೆ ಹೊದ್ದು ಮಲಗಿಬಿಡುತ್ತಾರೆ. ತುಂಬ ಚಳಿ ಎನ್ನುತ್ತಾರೆ. ಹೀಗೆ ನಿದ್ರಿಸುವುದರಿಂದ ತೊಂದರೆ ಇದೆಯೇ?

ಉತ್ತರ: ನಿದ್ರೆಯಿಂದ ತೊಂದರೆಯಿಲ್ಲ. ಹೊತ್ತು ಕಳೆಯಲು ಅಷ್ಟು ಒಳ್ಳೆಯ ದಾರಿ ಬೇರೊಂದಿಲ್ಲ. ತೊಂದರೆ ಇರುವುದು ಹೊದಿಕೆಯಲ್ಲಿ. ಸೂಜಿ ಚುಚ್ಚಿದ ತೋಳು, ಕುತ್ತಿಗೆಯಲ್ಲಿ ಕ್ಯಾಥೆಟರ್ (ರಕ್ತನಾಳಕ್ಕೆ ಹಾಕಿದ ಕೊಳವೆ) ಇರುವವರಿಗೆ ಆ ಜಾಗ, ಮತ್ತು ಮುಖ ಯಾವಾಗಲೂ ಸಿಬ್ಬಂದಿಯ ಕಣ್ಣಿಗೆ ಕಾಣುತ್ತಿರಬೇಕು. ರಕ್ತ ಮರಳಿಸುವ ಸೂಜಿ ಜಾರಿದರೆ ಒತ್ತಡದಲ್ಲಾಗುವ ಬದಲಾವಣೆ ಎಷ್ಟೋ ವೇಳೆ ಯಂತ್ರ ಗುರುತಿಸಲಾರದಷ್ಟು ಸಣ್ಣದಾಗಿರುತ್ತದೆ. ಆಗ ಅಲಾರಾಂ ಇಲ್ಲದೆಯೇ, ಪಂಪು ತಿರುಗುತ್ತಲೇ, ಹೊದಿಕೆಯ ಅಡಿಯಲ್ಲಿ ನಿಮಿಷಕ್ಕೆ 300 ಮಿಲಿಲೀಟರಿನ ವೇಗದಲ್ಲಿ ರಕ್ತ ಸೋರಿಹೋಗಬಹುದು. ಯಂತ್ರದ ಕಾವಲು ಸಾಲದಿರುವ ಅಪರೂಪದ ಸಂದರ್ಭ ಇದು, ಇಲ್ಲಿ ಮನುಷ್ಯರ ಕಣ್ಣೇ ಬೇಕು. ತಂದೆಯವರ ತೋಳಿನ ಹತ್ತಿರ ಒದ್ದೆ ಕಂಡರೆ ಅಥವಾ ಅವರು ಬೆಚ್ಚನೆಯ ತೇವವಾಗುತ್ತಿದೆ ಎಂದರೆ ಆ ಜಾಗವನ್ನು ಒತ್ತಿ ಹಿಡಿದು ತಕ್ಷಣ ಸಿಬ್ಬಂದಿಯನ್ನು ಕೂಗಿ ಕರೆಯಿರಿ.

ಚಳಿಗೆ ಕಾರಣ ರಕ್ತ ಹೊರಗೆ ಸುತ್ತಿ ಬರುವಾಗ ತಂಪಾಗುವುದು, ಡಯಾಲಿಸೇಟ್‌ನ ಉಷ್ಣತೆಯನ್ನು ಕೆಲವೊಮ್ಮೆ ಬಿ.ಪಿ. ಇಳಿಯದಿರಲೆಂದು ಮೈಯ ಉಷ್ಣತೆಗಿಂತ ಸ್ವಲ್ಪ ಕೆಳಗೆ ಇಟ್ಟಿರುವುದೂ ಆಗಿರಬಹುದು. ಹಾಗಿದ್ದರೆ ಅದನ್ನು ಅರ್ಧ ಡಿಗ್ರಿ ಏರಿಸಬಹುದೇ ಎಂದು ಅವರ ವೈದ್ಯರನ್ನು ಕೇಳಿ. ಟೊಪ್ಪಿಗೆ, ಕಾಲುಚೀಲ, ಎದೆಯಿಂದ ಪಾದದವರೆಗೆ ದಪ್ಪ ಹೊದಿಕೆ ಎಲ್ಲವೂ ಇರಲಿ, ಆ ತೋಳೂ ಮುಖವೂ ಹೊರಗಿದ್ದರೆ ಸಾಕು. ತಣ್ಣಗೆ ನಡುಗಿಸುವಂಥ ಚಳಿ ಜ್ವರದೊಡನೆ ಬಂದರೆ ಮಾತ್ರ ಹೊದಿಸಿ ಸುಮ್ಮನಾಗಬೇಡಿ. ಅದು ಸೋಂಕಿನ ಲಕ್ಷಣವಾಗಿರಬಹುದು, ಮುಖ್ಯವಾಗಿ ಕ್ಯಾಥೆಟರ್ ಇರುವವರಲ್ಲಿ, ಹಾಗಾಗಿ ಡಯಾಲಿಸಿಸ್ ಮುಗಿಯುವ ಮೊದಲೇ ವೈದ್ಯರಿಗೆ ತಿಳಿಸಬೇಕು.